ಲಾರಿ ಕಾಯುವ ಹೊತ್ತು: ಜೂಜುವಾಡಿ ಚೆಕ್‌ಪೋಸ್ಟಿನಿಂದ ಬುದ್ಧಿವಂತ ಸಾಗಣೆಯವರೆಗೆ

(ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

ನನ್ನ ದನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೇನೆ. ಮಧ್ಯೆ ನೆಟ್‌ವರ್ಕ್ ಹೋದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ. ನಮ್ಮ ಮನೆಯ ಒಂದು ಕೋಣೆಯಲ್ಲಿ ಫೋನು ಕರ್ನಾಟಕದ ಟವರ್ ಹಿಡಿದರೆ ಇನ್ನೊಂದು ಕೋಣೆಯಲ್ಲಿ ತಮಿಳುನಾಡಿನ ಟವರ್ ಹಿಡಿಯುತ್ತೆ.

ನನ್ನ ವಿಷಯ 'ಬುದ್ಧಿವಂತ ಸಾಗಣೆ ಮತ್ತು ಪೂರೈಕೆ ಸರಪಳಿಯ ಸಂಶೋಧನೆ' ಅಂತ ಗೊತ್ತಾದಾಗ ಹಾಸ್ಟೆಲಿನಲ್ಲಿ ಕೆಲವರು ನಕ್ಕರು. ಕನ್ನಡ ಎಂ.ಎ. ಮಾಡುವವರಿಗೆ ಇದು ಯಾಕೆ ಅಂತ. ಅದಕ್ಕೆ ನನ್ನ ಉತ್ತರ ನಮ್ಮೂರು. ಜೂಜುವಾಡಿ ಇರೋದು ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಅತ್ತಿಬೆಲೆ ದಾಟಿದ ತಕ್ಷಣ. ಈಗ ಅದು ಹೊಸೂರು ಮಹಾನಗರ ಪಾಲಿಕೆಯೊಳಗೆ ಸೇರಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಆದರೆ ಹೊರಗಿನವರಿಗೆ ನಮ್ಮೂರಿನ ಹೆಸರು ಗೊತ್ತಿದ್ದದ್ದು ಒಂದೇ ಕಾರಣಕ್ಕೆ: ಚೆಕ್‌ಪೋಸ್ಟ್.

ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ಆ ಚೆಕ್‌ಪೋಸ್ಟಿನ ಹತ್ತಿರ ಇಡ್ಲಿ ಅಂಗಡಿ ಇಟ್ಟಿದ್ದರು. ಅಂಗಡಿ ಅಂದರೆ ನಾಲ್ಕು ಕೋಲು, ಒಂದು ಟಾರ್ಪಾಲು. ಗಿರಾಕಿಗಳೆಲ್ಲ ಲಾರಿ ಡ್ರೈವರುಗಳು, ಕ್ಲೀನರುಗಳು. ಸಾಲು ಉದ್ದ ಇದ್ದ ದಿನ ಹಿಟ್ಟು ಬೇಗ ಖಾಲಿ. ನಮ್ಮ ಮಾವ, ಅಂದರೆ ಅಜ್ಜಿಯ ಮಗ, ಲಾರಿ ಓಡಿಸ್ತಾರೆ. ಸಾಲು ಉದ್ದ ಇದ್ದ ದಿನ ಅವರು ಮನೆಗೆ ಬೈದುಕೊಂಡೇ ಬರ್ತಿದ್ದರು. ಒಂದೇ ಮನೆಯಲ್ಲಿ ಒಬ್ಬರಿಗೆ ಕಾಯುವಿಕೆ ಅಂದರೆ ಅನ್ನ, ಇನ್ನೊಬ್ಬರಿಗೆ ನಷ್ಟ. 2017ರಲ್ಲಿ ಆ ಸಾಲು ನಿಂತುಹೋಯಿತು. ಅಜ್ಜಿಯ ಅಂಗಡಿಯೂ ಮುಚ್ಚಿತು. ಆದರೆ ಮಾವನ ಬೈಗುಳ ನಿಲ್ಲಲಿಲ್ಲ.

ಅಲ್ಲಿಂದ ಹುಟ್ಟಿದ ಪ್ರಶ್ನೆ ಇದು: ಆ ಕಾಯುವಿಕೆ ಎಲ್ಲಿಗೆ ಹೋಯಿತು? ಸಾಗಣೆಯ ಸಂಶೋಧನೆ ಈ ಪ್ರಶ್ನೆಗೆ ಏನು ಹೇಳುತ್ತೆ ಅಂತ ಓದಿಕೊಂಡು, ನನಗೆ ಅರ್ಥ ಆದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

1. ಸುಂಕ: ನಮಗೆ ಹೊಸದಲ್ಲದ ಪದ

ನಮ್ಮ ವಿಭಾಗದವರಿಗೆ ಪರಿಚಯ ಇರುವ ಕಡೆಯಿಂದ ಶುರು ಮಾಡೋಣ. ಹೇರು, ಹೆಜ್ಜುಂಕ, ವಡ್ಡರಾವುಳ, ಕಿರುಕುಳ: ಶಾಸನಗಳನ್ನು ಓದಿದವರಿಗೆ ಇವೆಲ್ಲ ಗೊತ್ತು. ಹೇರು ಅಂದರೆ ಎತ್ತಿನ ಮೇಲೆ ಹೊರಿಸಿದ ಸರಕು. ಹೆಜ್ಜುಂಕ ಅಂದರೆ ದೊಡ್ಡ ಸುಂಕ. ಕಿರುಕುಳ ಅಂದರೆ ಚಿಲ್ಲರೆ ಬಾಬ್ತುಗಳ ಮೇಲಿನ ಸಣ್ಣ ಸುಂಕ. ಇವತ್ತು ಅದೇ ಪದವನ್ನು ನಾವು 'ಪೀಡೆ' ಅನ್ನುವ ಅರ್ಥದಲ್ಲಿ ಬಳಸ್ತೇವೆ. ಚೆಕ್‌ಪೋಸ್ಟಿನಲ್ಲಿ ನಿಂತ ಯಾವ ಡ್ರೈವರಿಗೂ ಈ ಎರಡು ಅರ್ಥಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

12ನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಇದ್ದಾರೆ. ಸುಂಕ ವಸೂಲಿಯೇ ಅವರ ಕಾಯಕ. 'ಬಂಕೇಶ್ವರಲಿಂಗ' ಅವರ ಅಂಕಿತ. ಸುಂಕದ ಕಟ್ಟೆಯ ಭಾಷೆಯನ್ನೇ ಅವರು ಅನುಭಾವದ ಭಾಷೆ ಮಾಡಿಕೊಂಡರು. ದಾರಿ, ಸರಕು, ತಡೆ, ತೆರಿಗೆ ಇವು ನಮ್ಮ ಸಾಹಿತ್ಯಕ್ಕೆ ಹೊರಗಿನ ವಿಷಯ ಅಲ್ಲ ಅನ್ನೋದಕ್ಕೆ ಇಷ್ಟು ಸಾಕು.

ನಮ್ಮೂರಿಗೆ ಈ ಕಟ್ಟೆ ಬಂದದ್ದು ರಾಜ್ಯದ ಗಡಿಯ ಕಾರಣಕ್ಕೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಎಪ್ಪತ್ತರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಕಾರ್ಖಾನೆಗಳು ಬಂದವು. ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಸಣ್ಣ ಘಟಕಗಳು ಗಡಿಯ ಎರಡೂ ಕಡೆ ಬೆಳೆದವು. ಹೀಗಾಗಿ ಒಂದು ಬೋಲ್ಟು ಆನೇಕಲ್ ಕಡೆಯಿಂದ ಹೊಸೂರಿಗೆ ಬರಬೇಕಾದರೂ ಒಂದು ಗಡಿ, ಎರಡು ರಾಜ್ಯಗಳ ಕಾಗದ.

2. ಸಾಲಿನ ಲೆಕ್ಕ

ಸಾಲಿನಲ್ಲಿ ನಿಲ್ಲುವುದನ್ನು ಗಣಿತ ಮಾಡಿದ್ದು ಡೆನ್ಮಾರ್ಕಿನ ಎರ್ಲಾಂಗ್. ಅವರು ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದರು. ಎಷ್ಟು ಕರೆ ಬಂದರೆ ಎಷ್ಟು ಲೈನು ಬೇಕು ಅನ್ನೋದು ಅವರ ಪ್ರಶ್ನೆ. 1909ರಲ್ಲಿ ಅವರ ಮೊದಲ ಲೇಖನ ಬಂತು. ಆಮೇಲೆ 1961ರಲ್ಲಿ ಅಮೆರಿಕದ ಜಾನ್ ಲಿಟ್ಲ್ ಒಂದು ಸರಳ ಸೂತ್ರಕ್ಕೆ ಸಾಧನೆ ಕೊಟ್ಟರು. ಈ ವಿಷಯ ಓದುವವರು ಮೊದಲ ವಾರದಲ್ಲೇ ಕಲಿಯುವ ಸೂತ್ರ ಅದು:

ಒಳಗಿರುವ ಸಂಖ್ಯೆ = ಬರುವ ವೇಗ × ಒಳಗೆ ಕಳೆಯುವ ಸಮಯ.

ಉದಾಹರಣೆಗೆ, ಲೆಕ್ಕ ಸುಲಭ ಆಗಲಿ ಅಂತ ನಾನೇ ಇಟ್ಟುಕೊಂಡ ಅಂಕಿ: ಚೆಕ್‌ಪೋಸ್ಟಿಗೆ ಗಂಟೆಗೆ 60 ಲಾರಿ ಬರುತ್ತವೆ, ಒಂದೊಂದು ಲಾರಿಯೂ 2 ಗಂಟೆ ನಿಲ್ಲುತ್ತೆ ಅನ್ನೋಣ. ಯಾವ ಹೊತ್ತಿನಲ್ಲಿ ಹೋಗಿ ನೋಡಿದರೂ ಸರಾಸರಿ 120 ಲಾರಿ ನಿಂತಿರುತ್ತವೆ. ಒಂದಕ್ಕೆ 15 ಮೀಟರ್ ಜಾಗ ಹಿಡಿದರೆ 1.8 ಕಿಲೋಮೀಟರ್ ಸಾಲು. ಅಜ್ಜಿಗೆ ಈ ಸೂತ್ರ ಗೊತ್ತಿರಲಿಲ್ಲ. ಆದರೆ ಸಾಲಿನ ಬಾಲ ಎಲ್ಲಿದೆ ಅಂತ ನೋಡಿ, ಇವತ್ತು ಡ್ರೈವರುಗಳು ಎಷ್ಟು ಹೊತ್ತು ಸಿಕ್ಕಿಕೊಳ್ತಾರೆ ಅಂತ ಅಂದಾಜು ಮಾಡಿ ಹಿಟ್ಟು ರುಬ್ಬುತ್ತಿದ್ದರು. ಅಂದರೆ ಸಂಖ್ಯೆಯನ್ನು ನೋಡಿ ಸಮಯವನ್ನು ಊಹಿಸೋದು. ಲಿಟ್ಲ್ ಸೂತ್ರವನ್ನು ಎಂಜಿನಿಯರುಗಳು ಬಳಸುವುದೂ ಹೆಚ್ಚಾಗಿ ಹೀಗೆಯೇ.

ಇನ್ನೊಂದು ಮಾತು ನನಗೆ ಆಶ್ಚರ್ಯ ತಂದಿತು. ಕೆಲಸದ ಒತ್ತಡ ಸ್ವಲ್ಪ ಹೆಚ್ಚಾದರೆ ಸಾಲೂ ಸ್ವಲ್ಪ ಹೆಚ್ಚಾಗುತ್ತೆ ಅಂತ ನಾವು ಅಂದುಕೊಳ್ತೇವೆ. ಹಾಗಾಗೋದಿಲ್ಲ. ಒಂದೇ ಕೌಂಟರ್ ಇರುವ ಸರಳ ಮಾದರಿಯಲ್ಲಿ, ಗುಮಾಸ್ತರು ತಮ್ಮ ಸಮಯದ ಅರ್ಧದಷ್ಟು ಹೊತ್ತು ಕೆಲಸದಲ್ಲಿದ್ದರೆ ಅಲ್ಲಿ ಸರಾಸರಿ 1 ಲಾರಿ ಇರುತ್ತೆ. ಶೇ 90ರಷ್ಟು ಹೊತ್ತು ಕೆಲಸದಲ್ಲಿದ್ದರೆ 9 ಲಾರಿ. ಶೇ 95 ಆದರೆ 19 ಲಾರಿ. ಕೆಲಸ ಹೆಚ್ಚಿದ್ದು ಐದು ಪಾಲು, ಸಾಲು ಎರಡರಷ್ಟಕ್ಕಿಂತ ಉದ್ದ. ಲಾರಿಗಳು ಒಂದೇ ಅಂತರದಲ್ಲಿ ಬರುವುದಿಲ್ಲ, ಒಂದೊಂದರ ಕಾಗದ ನೋಡಲೂ ಒಂದೇ ಸಮಯ ಹಿಡಿಯುವುದಿಲ್ಲ. ಅದೇ ಇದಕ್ಕೆ ಕಾರಣ. ಹಾಗಾಗಿ 'ಒಬ್ಬರೂ ಸುಮ್ಮನೆ ಕೂರಬಾರದು' ಅಂತ ನಡೆಸುವ ಯಾವ ಕೌಂಟರಿನ ಮುಂದೆಯೂ ದೊಡ್ಡ ಸಾಲು ಇದ್ದೇ ಇರುತ್ತೆ. ಬ್ಯಾಂಕಿಗೂ ಆಸ್ಪತ್ರೆಗೂ ಇದು ಅನ್ವಯಿಸುತ್ತೆ.

3. 2017ರ ನಂತರ: ವಿವರ ಮೊದಲು, ಸರಕು ಆಮೇಲೆ

2017ರ ಜುಲೈ 1ರಂದು ಜಿಎಸ್‌ಟಿ ಬಂತು. ರಾಜ್ಯ ರಾಜ್ಯಕ್ಕೆ ಬೇರೆ ಬೇರೆ ಇದ್ದ ಮಾರಾಟ ತೆರಿಗೆ ಹೋದ ಮೇಲೆ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟಿಗೆ ಕೆಲಸ ಇರಲಿಲ್ಲ. ಕರ್ನಾಟಕ, ತಮಿಳುನಾಡು ಎರಡೂ ತಮ್ಮ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳನ್ನು ತೆಗೆದವು. (ಸಾರಿಗೆ ಇಲಾಖೆಯ ತಪಾಸಣೆ ಬೇರೆ ವಿಷಯ, ಅದನ್ನು ಇಲ್ಲಿ ಸೇರಿಸಿಲ್ಲ.)

ಅದರ ಜಾಗಕ್ಕೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂತು. 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೊರಡುವ ಮೊದಲೇ ಅದರ ವಿವರ ಕಂಪ್ಯೂಟರಿಗೆ ಹೋಗಬೇಕು: ಯಾರು ಕಳಿಸಿದರು, ಯಾರಿಗೆ, ಏನು, ಎಷ್ಟು ದೂರ, ಯಾವ ಗಾಡಿ. ಆ ಬಿಲ್ಲಿಗೆ ಅವಧಿಯೂ ಇದೆ. ಮೊದಲು 100 ಕಿಲೋಮೀಟರಿಗೆ ಒಂದು ದಿನ ಇತ್ತು. 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನ ಆಯಿತು. ಅದೇ ವರ್ಷದ ಫೆಬ್ರವರಿ ಮಧ್ಯದಿಂದ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಅತ್ತಿಬೆಲೆ ಟೋಲಿನಲ್ಲಿ ಚಿಲ್ಲರೆಗೆ ಹುಡುಕಾಡುವ ಹೊತ್ತೂ ಕಡಿಮೆಯಾಯಿತು.

ಇಲ್ಲಿ ನಡೆದ ಬದಲಾವಣೆಯನ್ನು ಹೀಗೆ ಹೇಳಬಹುದು. ಮೊದಲು ಸರಕು ಮತ್ತು ಅದರ ವಿವರ ಒಂದೇ ಲಾರಿಯಲ್ಲಿ ಬರ್ತಿದ್ದವು. ಬಿಲ್ಟಿ, ಬಿಲ್ಲು, ಪರ್ಮಿಟ್ಟು ಎಲ್ಲ ಡ್ರೈವರ್ ಸೀಟಿನ ಹಿಂದಿನ ಚೀಲದಲ್ಲಿ. ಅದನ್ನು ನೋಡಬೇಕಾದರೆ ಲಾರಿಯನ್ನೇ ನಿಲ್ಲಿಸಬೇಕಿತ್ತು. ಈಗ ವಿವರ ಮೊದಲೇ ತಲುಪಿರುತ್ತೆ. ಇವತ್ತಿನ 'ಬುದ್ಧಿವಂತ ಸಾಗಣೆ'ಯ ಸಂಶೋಧನೆ ಪೂರ್ತಿ ನಿಂತಿರುವುದು ಹೀಗೆ ಮುಂದಾಗಿ ಬರುವ ವಿವರದ ಮೇಲೆ. ಲಾರಿಯ ಜಿಪಿಎಸ್ಸು, ಟೋಲಿನ ಸಮಯ, ಬಿಲ್ಲಿನ ವಿವರ, ಹವಾಮಾನ ಎಲ್ಲವನ್ನೂ ಸೇರಿಸಿ, ಸರಕು ಯಾವಾಗ ತಲುಪುತ್ತೆ, ಯಾವ ದಾರಿ ವಾಸಿ, ಎಷ್ಟು ದಾಸ್ತಾನು ಇಟ್ಟುಕೊಳ್ಳಬೇಕು ಅಂತ ಯಂತ್ರ ಅಂದಾಜು ಮಾಡುತ್ತೆ. 2022ರ ಸೆಪ್ಟೆಂಬರಿನಲ್ಲಿ ಬಂದ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯೂ ಬೇರೆ ಬೇರೆ ಇಲಾಖೆಗಳ ಈ ವಿವರಗಳನ್ನು ಒಂದೇ ಕಡೆ ಸಿಗುವ ಹಾಗೆ ಮಾಡಬೇಕು ಅನ್ನುತ್ತೆ.

4. ಗೇಟಿನ ಹೊರಗೆ ನಿಲ್ಲುವ ಗಡಿಯಾರ

ಹಾಗಾದರೆ ಮಾವ ಯಾಕೆ ಇನ್ನೂ ಬೈತಾರೆ? ಅದನ್ನು ತಿಳಿಯೋಕೆ ಹೋದ ದಸರಾ ರಜೆಯಲ್ಲಿ ಅವರ ಜೊತೆ ಒಂದು ಟ್ರಿಪ್ಪು ಹೋದೆ. ಬಿಡಿಭಾಗಗಳ ಲೋಡು. ಯಾವ ಕಾರ್ಖಾನೆ ಅಂತ ಹೇಳೋದಿಲ್ಲ, ಅದು ಮುಖ್ಯವೂ ಅಲ್ಲ. ಬೆಳಗ್ಗೆ 7 ಗಂಟೆ 10 ನಿಮಿಷಕ್ಕೆ ಗೇಟಿನ ಹತ್ತಿರ ಬಂದೆವು. ಟೋಕನ್ ತಗೊಂಡೆವು. ಒಳಗೆ ಕರೆದದ್ದು 12 ಗಂಟೆ 40 ನಿಮಿಷಕ್ಕೆ. ಲೋಡು ಇಳಿಸೋಕೆ ಹಿಡಿದದ್ದು ಬರೀ 40 ನಿಮಿಷ. ಗೇಟಿನ ಹೊರಗೆ ನಾವು ಕಳೆದದ್ದು ಐದೂವರೆ ಗಂಟೆ.

ಟ್ರಾನ್ಸ್‌ಪೋರ್ಟ್ ಕಚೇರಿಯ ಆ್ಯಪ್‌ನಲ್ಲಿ ಅವತ್ತಿನ ಟ್ರಿಪ್ಪಿಗೆ ಹಸಿರು ಗುರುತು ಬಿದ್ದಿತ್ತು. 'ಸರಿಯಾದ ಸಮಯಕ್ಕೆ ತಲುಪಿದೆ' ಅಂತ. ಅದು ಸುಳ್ಳಲ್ಲ. ಇಂಥ ವ್ಯವಸ್ಥೆಗಳಲ್ಲಿ ನಕ್ಷೆಯ ಮೇಲೆ ಕಾರ್ಖಾನೆಯ ಸುತ್ತ ಒಂದು ಗೆರೆ ಹಾಕಿರ್ತಾರೆ. ಲಾರಿಯ ಜಿಪಿಎಸ್ಸು ಆ ಗೆರೆಯೊಳಗೆ ಬಂದ ಕೂಡಲೇ 'ತಲುಪಿತು' ಅಂತ ದಾಖಲಾಗುತ್ತೆ. ಅಲ್ಲಿಗೆ ಆ ಗಡಿಯಾರ ನಿಲ್ಲುತ್ತೆ. ಮಾವನ ಗಡಿಯಾರ ನಿಲ್ಲೋದಿಲ್ಲ. ಮುಂದೆ ಆ ದತ್ತಾಂಶ ತೆಗೆದುಕೊಂಡು ಯಾರಾದರೂ ಸಂಶೋಧನೆ ಮಾಡಿದರೆ ಅವತ್ತಿನ ನಮ್ಮ ಐದೂವರೆ ಗಂಟೆ ಅದರಲ್ಲಿ ಇರೋದೇ ಇಲ್ಲ.

ಇದರ ಹಿಂದೆ ಒಂದು ದೊಡ್ಡ ಕಥೆ ಇದೆ. ಜಪಾನಿನ ಟೊಯೋಟಾ ಕಂಪನಿಯಲ್ಲಿ ತೈಚಿ ಓನೋ ರೂಪಿಸಿದ ಪದ್ಧತಿ 'ಜಸ್ಟ್ ಇನ್ ಟೈಮ್' ಅಂತ ಪ್ರಸಿದ್ಧ. ಬೇಕಾದ ವಸ್ತು, ಬೇಕಾದ ಹೊತ್ತಿಗೆ, ಬೇಕಾದಷ್ಟೇ. ಗೋದಾಮಿನಲ್ಲಿ ಸುಮ್ಮನೆ ಕೂತ ವಸ್ತು ಅಂದರೆ ಸುಮ್ಮನೆ ಕೂತ ದುಡ್ಡು ಅನ್ನೋದು ಅದರ ತಿಳಿವಳಿಕೆ. ಲಿಟ್ಲ್ ಸೂತ್ರವನ್ನೇ ಇಲ್ಲಿಗೂ ಹಾಕಿ ನೋಡಿ. ದಿನಕ್ಕೆ 400 ಪೆಟ್ಟಿಗೆ ಬಳಸುವ ಕಾರ್ಖಾನೆ ಒಂದೊಂದು ಪೆಟ್ಟಿಗೆಯನ್ನೂ 10 ದಿನ ಇಟ್ಟುಕೊಂಡರೆ 4,000 ಪೆಟ್ಟಿಗೆಗೆ ಜಾಗ ಬೇಕು. ಅರ್ಧ ದಿನ ಇಟ್ಟುಕೊಂಡರೆ 200ಕ್ಕೆ ಸಾಕು. ಜಾಗ, ಬಡ್ಡಿ ಎರಡೂ ಉಳಿಯುತ್ತೆ. ಇದು ನಿಜಕ್ಕೂ ಜಾಣ ಪದ್ಧತಿ. ಆದರೆ ಅರ್ಧ ದಿನದ ದಾಸ್ತಾನಿನಲ್ಲಿ ನಡೆಯುವ ಕಾರ್ಖಾನೆಗೆ ಲಾರಿ ಒಂದು ಗಂಟೆ ತಡವಾದರೂ ಭಯ. ಹಾಗಾಗಿ ಲಾರಿಯನ್ನು ಬೇಗ ಬಾ ಅಂತಾರೆ. ಬೇಗ ಬಂದರೆ ಒಳಗೆ ಇಳಿಸಿಕೊಳ್ಳೋಕೆ ಜಾಗ ಇಲ್ಲ, ಹೊರಗೆ ನಿಲ್ಲು ಅಂತಾರೆ. ಆಗ ಗೋದಾಮಿನಲ್ಲಿ ಇರಬೇಕಾದ ಸರಕು ರಸ್ತೆ ಬದಿಯಲ್ಲಿ, ಗಾಲಿಗಳ ಮೇಲೆ ಇರುತ್ತೆ. ಅದನ್ನು ಕಾಯುವವರು ಡ್ರೈವರು.

ಇದಕ್ಕೆ ಸಂಶೋಧಕರ ಹತ್ತಿರ ಉತ್ತರ ಇಲ್ಲ ಅಂತಲ್ಲ. ಡಾಕ್ಟರ ಶಾಪಿನಲ್ಲಿ ಟೋಕನ್ ಕೊಟ್ಟ ಹಾಗೆ ಪ್ರತಿ ಲಾರಿಗೂ ಮೊದಲೇ ಸಮಯ ಗೊತ್ತು ಮಾಡುವ ಪದ್ಧತಿಯ ಮೇಲೆ ಬಹಳ ಕೆಲಸ ಆಗಿದೆ, ಮುಖ್ಯವಾಗಿ ಬಂದರುಗಳಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 2002ರಲ್ಲಿ ಒಂದು ಕಾನೂನು ಮಾಡಿದರು: ಬಂದರಿನ ಗೇಟಿನಲ್ಲಿ ಲಾರಿ ಎಂಜಿನ್ ಆನ್ ಮಾಡಿಕೊಂಡು 30 ನಿಮಿಷಕ್ಕಿಂತ ಹೆಚ್ಚು ಕಾದರೆ ಟರ್ಮಿನಲ್‌ನವರಿಗೆ 250 ಡಾಲರ್ ದಂಡ. ಮುಂಗಡ ಸಮಯ ಕೊಡುವ ಏರ್ಪಾಡು ಮಾಡಿದವರಿಗೆ ವಿನಾಯಿತಿ ಇತ್ತು. ಅನೇಕ ಟರ್ಮಿನಲ್‌ಗಳು ಹೆಸರಿಗೆ ಅಂಥ ಏರ್ಪಾಡು ಮಾಡಿಕೊಂಡವು. 2007ರಲ್ಲಿ ಜೂಲಿಯಾನೋ ಮತ್ತು ಒಬ್ರಿಯಾನ್ ಅನ್ನುವ ಸಂಶೋಧಕರು ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳ ಬಗ್ಗೆ ಬರೆದರು. ಅದರಿಂದ ಸಾಲು ಕಡಿಮೆಯಾದ ಪುರಾವೆ ಅವರಿಗೆ ಸಿಗಲಿಲ್ಲ. ತಂತ್ರಜ್ಞಾನ ಇತ್ತು. ಕಾಯಿಸುವವರಿಗೆ ಕಾಯಿಸಿದ್ದರ ಖರ್ಚು ಮಾತ್ರ ತಟ್ಟುತ್ತಿರಲಿಲ್ಲ.

ನಮ್ಮ ಕಡೆ ಲಾರಿಯವರು ಇದಕ್ಕೆ 'ಹಾಲ್ಟಿಂಗ್' ಅಂತಾರೆ. ಹಾಲ್ಟಿಂಗ್ ದುಡ್ಡು ಬಂದರೂ ಅದು ಗಾಡಿ ಮಾಲೀಕರ ಲೆಕ್ಕಕ್ಕೆ ಹೋಗೋದು. ಮಾವನಿಗೆ ಸಿಗೋದು ಟ್ರಿಪ್ಪಿನ ದುಡ್ಡು, ದಿನದ ಬಾಟಾ. ಎರಡನೇ ಟ್ರಿಪ್ಪು ತಪ್ಪಿದರೆ ಆ ದಿನದ ಸಂಪಾದನೆ ಅರ್ಧ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಯ ಕೆಲಸ ಬರುತ್ತೆ, ಅಂದರೆ ಪದಗಳನ್ನು ನಿಧಾನವಾಗಿ ಓದೋದು. ಲಿಟ್ಲ್ ತಮ್ಮ ಸೂತ್ರವನ್ನು ಸಾಧಿಸಿದ 1961ರಲ್ಲೇ ಭಾರತದಲ್ಲಿ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಅದು ಮಿತಿ ಹಾಕಿತು. 'ಕೆಲಸದ ಅವಧಿ' ಅಂದರೇನು ಅಂತ ವಿವರಿಸುವಾಗ, ಗಾಡಿ ಓಡುವ ಹೊತ್ತು ಮತ್ತು ಅದಕ್ಕೆ ಸಂಬಂಧಪಟ್ಟ ಇತರ ಕೆಲಸಗಳ ಜೊತೆಗೆ, ನಿಲ್ದಾಣದಲ್ಲಿ 15 ನಿಮಿಷಕ್ಕಿಂತ ಕಡಿಮೆಯಿರುವ 'ಬರಿಯ ಹಾಜರಿ'ಯನ್ನೂ ಸೇರಿಸಿ ಹೇಳಿತು. ಹದಿನೈದು ನಿಮಿಷ ದಾಟಿದ ಬರಿಯ ಹಾಜರಿಯ ಹೆಸರನ್ನು ಆ ವಿವರಣೆ ಎತ್ತುವುದಿಲ್ಲ. 'ಬರಿಯ' ಅನ್ನುವ ಒಂದು ವಿಶೇಷಣ ನೋಡಿ. ಗೇಟಿನ ಹೊರಗೆ ಮಾವ ಮಾಡ್ತಿದ್ದದ್ದು ಏನು? ಟೋಕನ್ ನಂಬರ್ ಕೂಗ್ತಾರೆ ಅಂತ ಕಿವಿ ತೆರೆದುಕೊಂಡು ಕೂತಿದ್ದರು. ಸಾಲು ಮುಂದೆ ಹೋದಾಗಲೆಲ್ಲ ಗಾಡಿ ಸ್ಟಾರ್ಟ್ ಮಾಡಿ ಹತ್ತಡಿ ಮುಂದೆ ತರ್ತಿದ್ದರು. ಟಾರ್ಪಾಲಿನ ಹಗ್ಗ ಸಡಿಲ ಆಗಿದೆಯಾ ನೋಡ್ತಿದ್ದರು. ನಿದ್ದೆ ಮಾಡೋ ಹಾಗಿಲ್ಲ, ಗಾಡಿ ಬಿಟ್ಟು ಹೋಗೋ ಹಾಗಿಲ್ಲ. ಕಾಯಕದ ಬಗ್ಗೆ ಅಷ್ಟೊಂದು ಓದಿರುವ ನಮಗೆ, ಇದು ಕಾಯಕ ಹೌದೋ ಅಲ್ಲವೋ ಅಂತ ಕೇಳುವ ಹಕ್ಕು ಇದೆ ಅಂದುಕೊಳ್ತೇನೆ.

5. ದಾರಿ ಹುಡುಕುವ ಯಂತ್ರ, ಊರಿನ ಹೆಸರು

ಬುದ್ಧಿವಂತ ಸಾಗಣೆಯಲ್ಲಿ ಹೆಚ್ಚು ಸಂಶೋಧನೆ ಆಗಿರುವ ಇನ್ನೊಂದು ವಿಷಯ ದಾರಿಯದು. ಡಾಂಟ್ಜಿಗ್ ಮತ್ತು ರಾಮ್ಸರ್ 1959ರಲ್ಲಿ ಪೆಟ್ರೋಲ್ ಲಾರಿಗಳನ್ನು ಇಟ್ಟುಕೊಂಡು ಇದನ್ನು ಶುರು ಮಾಡಿದರು. ಒಂದು ಡಿಪೋ, ಅನೇಕ ಬಂಕುಗಳು, ಕೆಲವು ಲಾರಿಗಳು. ಯಾವ ಲಾರಿ ಯಾವ ಬಂಕಿಗೆ ಯಾವ ಕ್ರಮದಲ್ಲಿ ಹೋದರೆ ದೂರ ಕಡಿಮೆ? ಕೇಳೋಕೆ ಸುಲಭ. ಹೊರಟ ಜಾಗವೂ ಸೇರಿ 10 ಜಾಗಗಳನ್ನು ಒಂದೇ ಲಾರಿ ಸುತ್ತಿ ವಾಪಸ್ ಬರಬೇಕಾದರೆ 1,81,440 ಬಗೆಯ ಸುತ್ತುಗಳಿವೆ. 15 ಜಾಗ ಆದರೆ ನಾಲ್ಕು ಸಾವಿರ ಕೋಟಿಗೂ ಮೀರಿ. ಎಲ್ಲವನ್ನೂ ಒಂದೊಂದಾಗಿ ನೋಡುತ್ತ ಕೂತರೆ ಆಗದು. ಅದಕ್ಕೇ ಗಣಿತದ ಉಪಾಯಗಳು, ಈಗ ಯಂತ್ರ ಕಲಿಕೆ.

2021ರಲ್ಲಿ ಅಮೆಜಾನ್ ಮತ್ತು ಎಂಐಟಿ ಸೇರಿ ಒಂದು ಸಂಶೋಧನಾ ಸ್ಪರ್ಧೆ ಇಟ್ಟಿದ್ದವು. ಸ್ಪರ್ಧಿಗಳಿಗೆ ಡ್ರೈವರುಗಳು ನಿಜವಾಗಿ ಹೋದ ಆರು ಸಾವಿರಕ್ಕೂ ಹೆಚ್ಚು ದಾರಿಗಳ ವಿವರ ಕೊಟ್ಟರು. ಕೇಳಿದ್ದು ಅತಿ ಹತ್ತಿರದ ದಾರಿ ಯಾವುದು ಅಂತಲ್ಲ. ಅನುಭವ ಇರುವ ಡ್ರೈವರು ಯಾವ ದಾರಿ ಹಿಡಿಯುತ್ತಾರೆ ಅಂತ ಊಹಿಸಿ ಅಂತ ಕೇಳಿದರು. ಯಾಕೆಂದರೆ ಯಂತ್ರ ಕೊಟ್ಟ ದಾರಿಯನ್ನು ಡ್ರೈವರುಗಳು ಬಿಟ್ಟು ಹೋಗ್ತಿದ್ದರು. ಯಾವ ಬೀದಿಯಲ್ಲಿ ಗಾಡಿ ನಿಲ್ಲಿಸಬಹುದು, ಯಾವ ಹೊತ್ತಿಗೆ ಎಲ್ಲಿ ಸಿಕ್ಕಿಹಾಕಿಕೊಳ್ತೇವೆ ಅನ್ನೋದು ಅವರಿಗೆ ಗೊತ್ತಿತ್ತು. ಗೆದ್ದದ್ದು ಕುಕ್, ಹೆಲ್ಡ್, ಹೆಲ್ಸ್‌ಗೌನ್ ಅನ್ನುವ ಮೂವರ ತಂಡ. ಡ್ರೈವರುಗಳು ಒಂದು ವಲಯವನ್ನು ಮುಗಿಸಿಯೇ ಮುಂದಿನದಕ್ಕೆ ಹೋಗುವಂಥ ರೂಢಿಗಳನ್ನು ದತ್ತಾಂಶದಿಂದ ಹೆಕ್ಕಿ, ಅವನ್ನು ನಿಯಮಗಳಾಗಿ ತಮ್ಮ ಲೆಕ್ಕಕ್ಕೆ ಸೇರಿಸಿದರು. ನಾವು ಮೌಖಿಕ ಪರಂಪರೆ ಅಂತ ಓದುತ್ತೇವಲ್ಲ, ಬರೆದಿಡದೆ ಬಾಯಿಂದ ಕಿವಿಗೆ ಉಳಿದು ಬಂದ ತಿಳಿವಳಿಕೆ, ಇದೂ ಅದೇ ಜಾತಿಯದು.

ದಾರಿ ಹುಡುಕೋಕೆ ಮೊದಲು ಊರು ಸಿಗಬೇಕು. ನಮ್ಮೂರಿನ ಹೆಸರನ್ನು ಇಂಗ್ಲಿಷಿನಲ್ಲಿ ಕೆಲವರು 'ಝಡ್' ಹಾಕಿ ಬರೀತಾರೆ, ಕೆಲವರು 'ಜೆ' ಹಾಕಿ. ದೀರ್ಘಕ್ಕೆ ಒಬ್ಬರು ಒಂದು 'ಯು' ಬರೆದರೆ ಇನ್ನೊಬ್ಬರು ಎರಡು 'ಓ' ಬರೀತಾರೆ. ಮನುಷ್ಯರಿಗೆ ಇದು ಒಂದೇ ಊರು. ಅಕ್ಷರಕ್ಕೆ ಅಕ್ಷರ ಹೊಂದಿಸುವ ಯಂತ್ರಕ್ಕೆ ನಾಲ್ಕು ಊರು. ಇದನ್ನು ಬಗೆಹರಿಸೋದು ಭಾಷೆಯ ಕೆಲಸ, ಯಾವ ದನಿ ಯಾವ ಲಿಪಿಯಲ್ಲಿ ಹೇಗೆ ಬದಲಾಗುತ್ತೆ ಅಂತ ತಿಳಿದವರ ಕೆಲಸ. ಭಾಷೆಯಿಂದ ತಪ್ಪಿಸಿಕೊಳ್ಳೋಕೆ ಅಂಕಿ ಹಿಡಿಯುವ ದಾರಿಯೂ ಇದೆ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡ್ ಅಂಥದ್ದು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಅಂಚೆ ಇಲಾಖೆಯ ಅಧಿಕಾರಿ, ಜೊತೆಗೆ ಸಂಸ್ಕೃತ ಕವಿ. ಅತ್ತಿಬೆಲೆಯ ಪಿನ್ 5ರಿಂದ ಶುರು, ನಮ್ಮದು 6ರಿಂದ. 2025ರಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್ ದೇಶವನ್ನೆಲ್ಲ 4 ಮೀಟರ್ ಚೌಕಗಳಾಗಿ ಹಂಚಿ, ಒಂದೊಂದಕ್ಕೂ 10 ಅಕ್ಷರಾಂಕಿಗಳ ಗುರುತು ಕೊಟ್ಟಿದೆ. ಗೇಟು ಎಲ್ಲಿದೆ ಅಂತ ಅದು ನಿಖರವಾಗಿ ಹೇಳಬಲ್ಲದು. ಗೇಟು ಎಷ್ಟು ಹೊತ್ತಿಗೆ ತೆಗೆಯುತ್ತೆ ಅಂತ ಹೇಳುವುದು ಅದರ ಕೆಲಸ ಅಲ್ಲ.

6. ಲೆಕ್ಕಕ್ಕೆ ಬಾರದ ಟೊಮೇಟೊ

ಒಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೊಸೂರು, ರಾಯಕೋಟೆ ಕಡೆಯ ಟೊಮೇಟೊ, ಬೀನ್ಸು, ಕೊತ್ತಂಬರಿ, ಗುಲಾಬಿ ಎಲ್ಲ ರಾತ್ರೋರಾತ್ರಿ ಬೆಂಗಳೂರಿಗೆ ಹೋಗುತ್ತೆ. ತಾಜಾ ತರಕಾರಿ, ಹೂವಿಗೆ ಜಿಎಸ್‌ಟಿ ಇಲ್ಲ, ಇ-ವೇ ಬಿಲ್ಲೂ ಬೇಕಾಗಿಲ್ಲ. ರೈತರಿಗೆ ಇದು ಒಳ್ಳೆಯದೇ. ಆದರೆ ಇ-ವೇ ಬಿಲ್ಲಿನ ದತ್ತಾಂಶ ಇಟ್ಟುಕೊಂಡು ನಮ್ಮ ಗಡಿಯ ಸಾಗಣೆಯನ್ನು ಅಧ್ಯಯನ ಮಾಡಿದರೆ ಅದರಲ್ಲಿ ಟೊಮೇಟೊ ಕಾಣೋದಿಲ್ಲ. ಕಬ್ಬಿಣದ ಬಿಡಿಭಾಗ ಐದು ಗಂಟೆ ಕಾದರೆ ಹಾಗೇ ಇರುತ್ತೆ. ಬೇಸಿಗೆಯಲ್ಲಿ ಟೊಮೇಟೊ ಐದು ಗಂಟೆ ಕಾದರೆ ಮಂಡಿಯಲ್ಲಿ ಅದರ ಬೆಲೆಯೇ ಬೇರೆ. ಕಾಯುವಿಕೆಯಿಂದ ಅತಿ ಹೆಚ್ಚು ನಷ್ಟ ಆಗುವ ಸರಕೇ ಅತಿ ಕಡಿಮೆ ದಾಖಲಾಗಿರುವ ಸರಕು.

7. ನಾವು ಏನು ಮಾಡಬಹುದು

ಸಂಶೋಧನೆಯನ್ನು ದೂರುವುದು ನನ್ನ ಉದ್ದೇಶ ಅಲ್ಲ. ನಮ್ಮೂರಿನ ಸಾಲು ಕರಗಿದ್ದು ಲೆಕ್ಕ ಮತ್ತು ಕಂಪ್ಯೂಟರಿನಿಂದಲೇ. ನಾನು ಹೇಳೋದು ಇಷ್ಟು: ಕಾಯುವಿಕೆ ಮಾಯವಾಗಿಲ್ಲ, ಸರ್ಕಾರದ ಕಟ್ಟೆಯಿಂದ ಖಾಸಗಿ ಗೇಟಿಗೆ, ಎಲ್ಲರಿಗೂ ಕಾಣುವ ಹೆದ್ದಾರಿಯಿಂದ ಕಾಣದ ಅಡ್ಡರಸ್ತೆಗೆ ಹೋಗಿದೆ. ಅದನ್ನು ಅಳೆಯಬೇಕಾದರೆ 'ತಲುಪಿತು' ಅನ್ನುವ ಒಂದು ಗುರುತು ಸಾಲದು. ಗೇಟಿಗೆ ಬಂದ ಸಮಯ, ಒಳಗೆ ಕರೆದ ಸಮಯ, ಇಳಿಸಿ ಮುಗಿಸಿದ ಸಮಯ, ಹೊರಗೆ ಬಂದ ಸಮಯ, ಈ ನಾಲ್ಕೂ ಬೇಕು. ಇದಕ್ಕೆ ಹೊಸ ಯಂತ್ರ ಬೇಕಾಗಿಲ್ಲ. ಆ್ಯಪ್‌ನಲ್ಲಿ ಡ್ರೈವರು ಒತ್ತಬಹುದಾದ ಇನ್ನು ಮೂರು ಗುಂಡಿ ಸಾಕು, ಅದೂ ಅವರಿಗೆ ಓದೋಕೆ ಬರುವ ಭಾಷೆಯಲ್ಲಿ.

ಪ್ರಶ್ನೋತ್ತರ

ಒಬ್ಬ ಅಧ್ಯಾಪಕರು: ದೇಶದಲ್ಲಿ ಸಾಗಣೆಯ ವೆಚ್ಚ ಕಡಿಮೆಯಾಗಿದೆ ಅಂತ ಓದ್ತೇವೆ. ಅದು ನಿಮ್ಮ ವಾದಕ್ಕೆ ವಿರುದ್ಧ ಅಲ್ಲವೇ?

ಉತ್ತರ: ಸರ್, ಬಹಳ ವರ್ಷ ಅದು ಜಿಡಿಪಿಯ ಶೇ 13-14 ಅಂತ ಹೇಳ್ತಿದ್ದರು. 2023ರ ಡಿಸೆಂಬರಿನಲ್ಲಿ ಬಂದ ಎನ್‌ಸಿಎಇಆರ್ ವರದಿ 2021-22ಕ್ಕೆ ಶೇ 7.8ರಿಂದ 8.9 ಅಂತ ಅಂದಾಜು ಮಾಡಿತು. ಅಳೆಯುವ ವಿಧಾನವೇ ಬೇರೆ ಆದ್ದರಿಂದ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಇಷ್ಟು ಇಳಿಯಿತು ಅನ್ನೋ ಹಾಗಿಲ್ಲ. ವೆಚ್ಚ ಇಳಿದಿದ್ದರೂ ಒಳ್ಳೆಯದೇ. ಆದರೆ ಯಾರಿಗೂ ದುಡ್ಡು ಕೊಡದೆ ಕಾಯಿಸಿದ ಹೊತ್ತು ಯಾರ ಖಾತೆಯಲ್ಲೂ ವೆಚ್ಚ ಅಂತ ಬರೆದಿರೋದಿಲ್ಲ. ನನ್ನ ಪ್ರಶ್ನೆ ಅದರ ಬಗ್ಗೆ.

ಒಬ್ಬ ವಿದ್ಯಾರ್ಥಿನಿ: ಇದು ಸಮಾಜಶಾಸ್ತ್ರದ ವಿಷಯ ಆಗಲಿಲ್ಲವಾ? ಕನ್ನಡ ವಿಭಾಗದಲ್ಲಿ ಇದನ್ನು ಹೇಗೆ ಮುಂದುವರಿಸ್ತೀರಿ?

ಉತ್ತರ: ಲಾರಿಯವರ ಪದಕೋಶ ಮಾಡಬೇಕು ಅಂತಿದ್ದೇನೆ. ಹಾಲ್ಟಿಂಗ್, ಬಿಲ್ಟಿ, ರಿಟರ್ನ್ ಲೋಡು, ಬಾಟಾ, ಹೀಗೆ. ನಮ್ಮ ಗಡಿಯಲ್ಲಿ ಇವು ಮೂರು ಭಾಷೆಯಲ್ಲಿ ಮೂರು ಥರ ಉಳಿದಿವೆ. ಹೇರಿನಿಂದ ಲೋಡಿನವರೆಗೆ ಪದಗಳು ಹೇಗೆ ಬಂದವು ಅಂತ ನೋಡೋದು ನಮ್ಮ ವಿಭಾಗದ ಕೆಲಸವೇ.

ಅದೇ ವಿದ್ಯಾರ್ಥಿನಿ: ನಿಮ್ಮಜ್ಜಿ ಈಗ ಏನು ಮಾಡ್ತಿದ್ದಾರೆ?

ಉತ್ತರ: ಅಜ್ಜಿಗೆ ಈಗ ವಯಸ್ಸಾಯಿತು, ಮನೆಯಲ್ಲೇ ಇದ್ದಾರೆ. ಅಂಗಡಿಯನ್ನು ಮಾವನ ಹೆಂಡತಿ, ನಮ್ಮತ್ತೆ, ಮತ್ತೆ ಶುರು ಮಾಡಿದ್ದಾರೆ. ಹೆದ್ದಾರಿಯಲ್ಲಿ ಅಲ್ಲ, ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ, ಲಾರಿಗಳು ನಿಲ್ಲುವ ಕಡೆ. ಯಾವ ಗೇಟಿನ ಮುಂದೆ ಯಾವ ವಾರ ಸಾಲು ಉದ್ದ ಇರುತ್ತೆ ಅಂತ ಅವರಿಗೆ ಗೊತ್ತು. ಕ್ಷೇತ್ರಕಾರ್ಯಕ್ಕೆ ಮೊದಲು ಅವರ ಹತ್ತಿರವೇ ಹೋಗ್ತೇನೆ.